ತಮ್ಮ ಸಿಕ್ಕಿದ್ದು ಮೂರನೇ ಪುಟದಲ್ಲಿ

ಮಂಡ್ಯದ ಗೆಳೆಯರಿಗೆ ನಮಸ್ಕಾರ.

ಮೊಬೈಲ್ ಗೇಮಿನ ವ್ಯಸನದ ಬಗ್ಗೆ ನೀವು ಪತ್ರಿಕೆಗೆ ಕಳಿಸಿದ ‘ಗೇಮ್ ಎಂಬ ಗಾಂಜಾ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಯಾಕೆ ಅಂತ ಹೇಳುತ್ತೇನೆ.

ತಲೆಬರಹ ಸಿನಿಮಾ ಪೋಸ್ಟರ್ ಥರ ಇದೆ. ಅದಿರಲಿ, ಬದಲಿಸಬಹುದು. ‘ದಿನಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ಆಡುವವರೆಲ್ಲ ವ್ಯಸನಿಗಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ’ ಅಂತ ಬರೆದಿದ್ದೀರಲ್ಲ, ಅದು ಹಾಗೆ ಹೇಳಿಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ಅದರ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಸಮಸ್ಯೆ ಇರುವುದು ನಿಜ. ಆದರೆ ಅಲ್ಲಿ ಗಂಟೆಯ ಲೆಕ್ಕವೇ ಇಲ್ಲ. ಆಟ ಕೈಮೀರಿರಬೇಕು. ಓದು, ಕೆಲಸ, ಮನೆಮಂದಿ ಎಲ್ಲ ಅದರ ಮುಂದೆ ಹಿಂದಕ್ಕೆ ಸರಿದಿರಬೇಕು. ಹಾಳಾಗುತ್ತಿದೆ ಅಂತ ಗೊತ್ತಾದ ಮೇಲೂ ಬಿಡಲು ಆಗಿರಬಾರದು. ಇದೆಲ್ಲ ಸಾಮಾನ್ಯವಾಗಿ ಒಂದು ವರ್ಷವಾದರೂ ನಡೆದಿರಬೇಕು. ದಸರಾ ರಜೆಯಿಡೀ ಮೊಬೈಲ್ ಬಿಡದ ಹುಡುಗ ಇದಕ್ಕೆ ಸೇರುವುದಿಲ್ಲ, ಅಲ್ವಾ? ಅಮೆರಿಕದ ಮನೋವೈದ್ಯರ ಸಂಘವಂತೂ 2013ರ ತನ್ನ ಕೈಪಿಡಿಯಲ್ಲಿ ಇದನ್ನು ‘ಇನ್ನಷ್ಟು ಅಧ್ಯಯನ ಬೇಕು’ ಎನ್ನುವ ಭಾಗಕ್ಕೆ ಹಾಕಿತು. ನೀವು ಮೊದಲ ಪ್ಯಾರಾದಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೀರಿ.

ದುಡ್ಡು ಕಟ್ಟಿ ಆಡುವ ರಮ್ಮಿಯನ್ನು ತೆಗೆದುಬಿಡಿ. ಅದು ಜೂಜು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೇ ಅದಕ್ಕೆ ಬೇರೆ ಹೆಸರಿದೆ.

ಇನ್ನು ಮೂರನೇ ಪುಟ. ಅಲ್ಲೊಂದು ಸಾಲಿದೆ: ‘ನನ್ನ ತಮ್ಮ ಆ ರಾತ್ರಿ ಗದ್ದೆಗೆ ನೀರು ಕಟ್ಟಲೂ ಹೋಗಲಿಲ್ಲ.’ ಅಷ್ಟು ಹೇಳಿ ಮತ್ತೆ ‘ಇಂದಿನ ಯುವಜನತೆ’ ಅಂತ ಶುರು ಮಾಡಿದ್ದೀರಿ. ಅಯ್ಯೋ ಮಾರಾಯ್ರೇ! ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಡುವಾಗ ಒಂದು ಸರದಿ ತಪ್ಪಿದರೆ ಏನಾಗುತ್ತದೆ ಅಂತ ನಿಮ್ಮೂರಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಮೈಸೂರಲ್ಲಿ ನಲ್ಲಿ ತಿರುಗಿಸಿ ಬದುಕುವ ನನ್ನಂಥವರಿಗೆ ಹೇಳಬೇಕು. ಆ ರಾತ್ರಿ ಗುದ್ದಲಿ ಹಿಡಿದು ಹೋದವರು ಯಾರು? ಅಪ್ಪನಾ? ತಮ್ಮ ಮುಂಚೆ ತಪ್ಪದೆ ಹೋಗುತ್ತಿದ್ದನಾ? ಪಿಯುಸಿ ಫೇಲಾದ ಅಂತ ಇನ್ನೆಲ್ಲೋ ಸುಮ್ನೆ ಸೇರಿಸಿದ್ದೀರಿ. ಫೇಲಾದ ಬೇಸರಕ್ಕೆ ಆಟ ಹಿಡಿದನೋ, ಆಟ ಹಿಡಿದೇ ಫೇಲಾದನೋ? ವ್ಯಸನವೋ ಅಲ್ಲವೋ ಅನ್ನುವ ಜಗಳದಲ್ಲಿ ತಜ್ಞರು ಕೇಳುವುದೂ ಇದನ್ನೇ. ನಿಮಗೆ ಅದರ ಉತ್ತರ ಮನೆಯಲ್ಲೇ ಇದೆ.

ಡೋಪಮೈನ್ ಎಂಬ ಮಿದುಳಿನ ರಾಸಾಯನಿಕದ ಬಗ್ಗೆ ಇರುವ ಒಂದೂವರೆ ಪುಟ ಬೇಡ. ಆ ಜಾಗ ತಮ್ಮನಿಗೆ ಕೊಡಿ. ಬೈಯದೆ ಒಂದು ಸಂಜೆ ಪಕ್ಕದಲ್ಲಿ ಕೂತು, ಅವನು ಆಡುವುದನ್ನು ನೋಡಿ. ಲೇಖನದ ಮಾತು ಬಿಟ್ಟು ಹೇಳುವುದಾದರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿಯೇ ಶಟ್ ಕ್ಲಿನಿಕ್ ಇದೆ. ಬೇಕಾದರೆ ಕರೆದುಕೊಂಡು ಹೋಗಿ.

ಅವನ ಹೆಸರು ಹಾಕಬೇಡಿ. ಬರೆದ ಮೇಲೆ ಮೊದಲು ಅವನಿಗೆ ಓದಲು ಕೊಡಿ. ಹೂಂ ಅಂದರೆ ನನಗೆ ಕಳಿಸಿ.

ಇತಿ,
ಸಂಪಾದಕ