ಷಣ್ಮುಖಾನಂದದಲ್ಲಿ ಸಿಗರೇಟಿನ ಹೆಸರಿನ ರಾಕ್

ಪ್ರಶ್ನೆ: ನನ್ನ ಮಗ ಗೆಳೆಯರ ಜೊತೆ ರಾಕ್ ಬ್ಯಾಂಡ್ ಕಟ್ಟಿಕೊಂಡಿದ್ದಾನೆ. ಪೊವಾಯಿ ಐಐಟಿಯ ಮೂಡ್ ಇಂಡಿಗೋ ಹಬ್ಬದ ‘ಲೈವ್‌ವೈರ್’ ಸ್ಪರ್ಧೆಗೆ ಹೋಗಬೇಕಂತೆ. ‘ನಿಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?’ ಅಂತ ಹಂಗಿಸುತ್ತಾನೆ. ನಿಜವಾಗಲೂ ಇರಲಿಲ್ಲವೇ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಇತ್ತಮ್ಮಾ, ಅದೂ ಕರ್ನಾಟಕ ಸಂಗೀತದ ಮನೆಯಲ್ಲೇ ಇತ್ತು! ಸಿಮ್ಲಾ ಅಂತ ಒಂದು ಸಿಗರೇಟು. ಅದರ ಹೆಸರಲ್ಲಿ ‘ಸಿಮ್ಲಾ ಬೀಟ್’ ಎಂಬ ಅಖಿಲ ಭಾರತ ಬ್ಯಾಂಡ್ ಸ್ಪರ್ಧೆ. 1970, 71ರಲ್ಲಿ ಫೈನಲ್ ನಡೆದದ್ದು ನಮ್ಮ ಮುಂಬಯಿಯ ಕಿಂಗ್ಸ್ ಸರ್ಕಲ್ ಹತ್ತಿರದ ಷಣ್ಮುಖಾನಂದ ಹಾಲ್‌ನಲ್ಲಿ.

ಆಗ ನಾನು ಹಗಲು ಮಾಟುಂಗದ ಉಡುಪಿ ಹೋಟೆಲಿನಲ್ಲಿ ದುಡಿಯುತ್ತಿದ್ದೆ, ಸಂಜೆ ರಾತ್ರಿಶಾಲೆ. ಒಂದು ದಿನ ಭುಜದವರೆಗೆ ಕೂದಲು ಬಿಟ್ಟ ಹುಡುಗರು ಬಂದರು. ಪ್ಲೇಟುಗಟ್ಟಲೆ ಇಡ್ಲಿ ತಿಂದು, ಗಿಟಾರ್ ಪೆಟ್ಟಿಗೆ ಹೊತ್ತು ಹೊರಟರು. ನಾನು ಶಾಲೆಗೆ ಚಕ್ಕರ್ ಹೊಡೆದು ಹಿಂದೆಯೇ ಹೋದೆ. ಷಣ್ಮುಖಾನಂದದಲ್ಲಿ ಅದಕ್ಕೆ ಮೊದಲು ಸಂಗೀತ ಕಛೇರಿ ಕೇಳಿದ್ದೆ. ತೊಡೆ ಮೇಲೆ ತಾಳ ಹಾಕುವ ಸದ್ದು ಬಿಟ್ಟರೆ ಜನ ಉಸಿರೂ ಬಿಡದ ಜಾಗ ಅದು. ಅವತ್ತು ಡ್ರಮ್ಮಿನ ಹೊಡೆತಕ್ಕೆ ಕೂತ ಕುರ್ಚಿಯೇ ನಡುಗಿತು. ಹಾಡಿನ ಒಂದಕ್ಷರ ಅರ್ಥವಾಗಲಿಲ್ಲ, ಎದ್ದು ಬರಲೂ ಮನಸ್ಸಾಗಲಿಲ್ಲ. ಮರುದಿನ ಮೇಷ್ಟ್ರ ಹತ್ತಿರ ‘ನನಗೆ ಜ್ವರ ಬಂದಿತ್ತು’ ಅಂದೆ.

ಸ್ಪರ್ಧೆಗೆ ಬಂದ ತಂಡಗಳು: ಮದ್ರಾಸಿನ ಕನ್‌ಫ್ಯೂಷನ್ಸ್, ಶಿಲ್ಲಾಂಗಿನ ಫೆಂಟೋನ್ಸ್, ಕಲ್ಕತ್ತದ ಗ್ರೇಟ್ ಬೇರ್, ನಮ್ಮ ಬೆಂಗಳೂರಿನ ಡೈನೋಸಾರ್ಸ್. ಹೆಸರುಗಳನ್ನು ನೋಡಿ! ಎರಡೂ ವರ್ಷ ಆಯ್ದ ತಂಡಗಳ ಹಾಡುಗಳನ್ನು ಎಲ್‌ಪಿ (ಗ್ರಾಮಫೋನ್) ತಟ್ಟೆ ಮಾಡಿಸಿದರು. ನನ್ನ ಲೆಕ್ಕದಲ್ಲಿ ಬಹುಮಾನಕ್ಕಿಂತ ದೊಡ್ಡದು ಅದೇ. ಸಿನಿಮಾ ಹಾಡಿನ ರಾಜ್ಯದಲ್ಲಿ ಕಾಲೇಜು ಹುಡುಗರ ಗಿಟಾರನ್ನು ತಟ್ಟೆಗೆ ಇಳಿಸುವವರು ಯಾರಿದ್ದರು? ಆ ತಟ್ಟೆಗಳನ್ನು ಮುಂದೆ ಹೊರದೇಶದವರು ಹುಡುಕಿ ಮತ್ತೆ ಹೊರತಂದರು. ನಾವು ಮರೆತೇಬಿಟ್ಟಿದ್ದೆವು.

ಈಗ ಸಿಗರೇಟಿನ ಹೆಸರಲ್ಲಿ ಸ್ಪರ್ಧೆ ಇಡುವ ಹಾಗಿಲ್ಲ. 2003ರ ಕಾನೂನು ಅದಕ್ಕೆ ಅಡ್ಡ, ಒಳ್ಳೆಯದೇ ಆಯಿತು. 1986ರಲ್ಲಿ ಧೋಬಿ ತಲಾವ್‌ನ ರಂಗಭವನದಲ್ಲಿ ‘ಇಂಡಿಪೆಂಡೆನ್ಸ್ ರಾಕ್’ ಎಂಬ ರಾಕ್ ಸಂಗೀತದ ಹಬ್ಬ ಶುರುವಾಯಿತು. ಅಷ್ಟರಲ್ಲಿ ನಾನು ಸಂಸಾರಸ್ಥ. ಹೆಂಡತಿಗೆ ಭೀಮಸೇನ ಜೋಶಿಯವರೇ ಸಾಕಿತ್ತು.

ಮಗನಿಗೆ ಇದನ್ನೂ ಹೇಳಿ: ಅವನ ಮೂಡ್ ಇಂಡಿಗೋ ಶುರುವಾದದ್ದೂ 1971ರಲ್ಲೇ, ಅಂದರೆ ‘ನಮ್ಮ ಕಾಲ’ದಲ್ಲೇ. ಅದಿರಲಿ, ಆಂಪ್ಲಿಫೈಯರ್ ಎಲ್ಲಿಟ್ಟಿದ್ದಾನೆ? ಡೊಂಬಿವಲಿಯ ಬಿಲ್ಡಿಂಗುಗಳ ಗೋಡೆ ಎಷ್ಟು ದಪ್ಪ ಅಂತ ನನಗೂ ಗೊತ್ತು.