ಅಪ್ಪಾ, ಈ ಸಲ ನಾವು ಗೆಲ್ತೀವಾ?

(ಸಂಪಾದಕರ ಉತ್ತರ)

ಹಾಸನದ ಓದುಗರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು: 'ಫಾರ್ಮುಲಾ ಒನ್ ಕಾರ್ ರೇಸಿನಲ್ಲಿ ಶೂಮಾಕರ್ ಕಾಲದಿಂದ ನಾನು ಫೆರಾರಿ ತಂಡದ ಕಡೆಯವನು. 2025ರ ಜನವರಿಯಲ್ಲಿ ಚಾಲಕ ಹ್ಯಾಮಿಲ್ಟನ್ ಫೆರಾರಿಗೆ ಬಂದಾಗ ನಿಮ್ಮ ಪತ್ರಿಕೆ ಎರಡು ಪುಟ ಸಂಭ್ರಮಿಸಿ ಬರೆಯಿತು. ನಾನೂ ನಂಬಿದೆ. ವರ್ಷವಿಡೀ ಒಂದು ಗ್ರ್ಯಾನ್ ಪ್ರೀ (ಭಾನುವಾರದ ಮುಖ್ಯ ರೇಸ್) ಕೂಡ ಗೆಲ್ಲಲಿಲ್ಲ. ಈಗ 2026ಕ್ಕೆ ನಿಯಮಗಳೆಲ್ಲ ಬದಲಾಗಿವೆ, ಮತ್ತೆ ಆಸೆ ಹುಟ್ಟಿದೆ. ನನ್ನ ಹನ್ನೊಂದು ವರ್ಷದ ಮಗಳು ಈಗ ಜೊತೆಯಲ್ಲಿ ಕೂತು ರೇಸ್ ನೋಡುತ್ತಾಳೆ. ಅಪ್ಪಾ, ಈ ಸಲ ನಾವು ಗೆಲ್ತೀವಾ ಅಂತ ಕೇಳುತ್ತಾಳೆ. ಆರ್‌ಸಿಬಿ 18ನೇ ಸಲಕ್ಕೆ ಕಪ್ ಎತ್ತಿತು. ಫೆರಾರಿ ಪ್ರಶಸ್ತಿ ಗೆದ್ದೂ 18 ವರ್ಷ ಆಯ್ತು. ಅವಳಿಗೆ ಏನು ಹೇಳಲಿ? ಆಸೆ ಇಟ್ಟುಕೊಳ್ಳುವುದೇ ತಪ್ಪಾ?'

ಪ್ರಿಯ ಓದುಗರೇ,

ನಿಮ್ಮ ದೂರು ಸರಿಯಾಗಿದೆ. ಆ ಎರಡು ಪುಟ ಬರೆದವನು ನಾನೇ. ಇಟಲಿಯ ಫಿಯೊರಾನೊದಲ್ಲಿ, ಕಂಪನಿ ಕಟ್ಟಿದ ಎಂಜೊ ಫೆರಾರಿ ಅವರ ಮನೆ ಮುಂದೆ, ಎಫ್40 ಕಾರಿನ ಪಕ್ಕ, ಹ್ಯಾಮಿಲ್ಟನ್ ಕಪ್ಪು ಸೂಟಿನಲ್ಲಿ ನಿಂತ ಆ ಫೋಟೋ ನೋಡಿದ ದಿನವೇ ಕೂತು ಬರೆದೆ. ಹೊಸ ಕಾರು ಇನ್ನೂ ಹೊರಗೆ ಬಂದಿರಲಿಲ್ಲ. ಕಾರು ನೋಡದೆ ಚಾಂಪಿಯನ್‌ಶಿಪ್ ಬಗ್ಗೆ ಬರೆಯಬಾರದಿತ್ತು. ಬರೆದೆ. ನಿಮ್ಮ ಕ್ಷಮೆ ಕೇಳುತ್ತೇನೆ.

ಆದರೆ ಆಸೆ ಇಡುವುದು ತಪ್ಪಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ 'ಅಲ್ಲ' ಅಂತಲೇ. ಯಾವುದರ ಮೇಲೆ ಆಸೆ ಇಡಬೇಕು ಅನ್ನುವುದನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಆರ್‌ಸಿಬಿ ಮಾತು. 2025ರ ಜೂನ್ 3ರ ರಾತ್ರಿ ನಾನೂ ಕಣ್ಣೀರು ಹಾಕಿದವನೇ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತರು. ಅದಾದ ಮೇಲೆ ಆ ಕಪ್ಪನ್ನು ಯಾವುದಕ್ಕೂ ಹೋಲಿಸಲು ನನಗೆ ಮನಸ್ಸು ಬರುವುದಿಲ್ಲ. ಅದು ಹಾಗಿರಲಿ, ಈ ಎರಡು ಆಟಗಳೇ ಬೇರೆ. ಕ್ರಿಕೆಟ್‌ನಲ್ಲಿ ಪಂದ್ಯ ಶುರುವಾದ ಮೇಲೂ ಬೌಲರ್ ಬದಲಿಸಬಹುದು, ಫೀಲ್ಡಿಂಗ್ ಬದಲಿಸಬಹುದು. ಫಾರ್ಮುಲಾ ಒನ್‌ನಲ್ಲಿ ಮೊದಲ ರೇಸಿನ ಐದು ಕೆಂಪು ದೀಪ ಆರುವ ಹೊತ್ತಿಗೆ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಫ್ಯಾಕ್ಟರಿಯಲ್ಲಿ, ಗಾಳಿ ಬಿಟ್ಟು ಕಾರು ಪರೀಕ್ಷಿಸುವ ವಿಂಡ್ ಟನಲ್‌ನಲ್ಲಿ, ಒಂದು ವರ್ಷದ ಹಿಂದೆಯೇ. ಜನವರಿಯಲ್ಲಿ ನಾವು ಆಸೆಯಿಂದ ಕಾಯುವುದು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುವ ಹಾಗೆ. ಬರೆದದ್ದು ಬರೆದಾಗಿದೆ. ನಮಗೆ ಅಂಕ ಗೊತ್ತಿಲ್ಲ, ಅಷ್ಟೇ.

ಇದನ್ನು ನಾನು ಕಲಿತದ್ದು 2009ರ ಆಗಸ್ಟ್ 30ರ ಭಾನುವಾರ. ಬೆಲ್ಜಿಯಂನ ಸ್ಪಾ ರೇಸ್. ನಮ್ಮಲ್ಲಿ ಸಂಜೆ ಐದೂವರೆ. ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ನಾಲ್ವರು ಗೆಳೆಯರು ಸಣ್ಣ ಟಿವಿ ಮುಂದೆ ಕೂತಿದ್ದೆವು. ಹಿಂದಿನ ದಿನ ಫೋರ್ಸ್ ಇಂಡಿಯಾ ತಂಡದ ಫಿಸಿಕೆಲ್ಲಾ ಪೋಲ್ ಹೊಡೆದಿದ್ದರು, ಅಂದರೆ ರೇಸ್ ಶುರುವಿಗೆ ಎಲ್ಲರಿಗಿಂತ ಮುಂದಿನ ಜಾಗ ಗಳಿಸಿದ್ದರು. ವಿಜಯ್ ಮಲ್ಯ ಪಾಲುದಾರರಾಗಿದ್ದ ತಂಡ ಅದು. ಕೆಲಸ ಎಲ್ಲ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲೇ ನಡೆಯುತ್ತಿದ್ದರೂ ಹೆಸರಿನಲ್ಲಿ 'ಇಂಡಿಯಾ' ಇತ್ತಲ್ಲ, ನಮಗೆ ಅಷ್ಟೇ ಸಾಕಾಗಿತ್ತು. ಅಲ್ಲಿವರೆಗೆ ಆ ತಂಡಕ್ಕೆ ಒಂದೇ ಒಂದು ಪಾಯಿಂಟ್ ಬಂದಿರಲಿಲ್ಲ. ಶುರುವಿನಲ್ಲೇ ಅಪಘಾತ ಆಗಿ, ಎಲ್ಲರನ್ನೂ ನಿಧಾನವಾಗಿ ಹಿಂದೆ ಕರೆದೊಯ್ಯುವ ಸೇಫ್ಟಿ ಕಾರ್ ಬಂತು. ಅದು ಒಳಗೆ ಹೋದ ಕೂಡಲೇ ಏರು ಹತ್ತಿಸಿ ಉದ್ದ ನೇರಕ್ಕೆ ಬರುವಲ್ಲಿ ಫೆರಾರಿಯ ರೈಕೊನೆನ್, ಬ್ಯಾಟರಿಯಿಂದ ಹೆಚ್ಚುವರಿ ಬಲ ಕೊಡುವ ಕೆರ್ಸ್ ಒತ್ತಿ, ಪಕ್ಕಕ್ಕೆ ಸರಿದು ಮುಂದೆ ಹೋಗಿಬಿಟ್ಟರು. ಫಿಸಿಕೆಲ್ಲಾ ಕಾರಿನಲ್ಲಿ ಕೆರ್ಸ್ ಇರಲಿಲ್ಲ. ಉಳಿದಷ್ಟೂ ಹೊತ್ತು ಬೆನ್ನಿಗೆ ಅಂಟಿಕೊಂಡೇ ಓಡಿಸಿದರು. ಕೊನೆಗೆ ಅಂತರ ಒಂದು ಸೆಕೆಂಡ್ ಕೂಡ ಇರಲಿಲ್ಲ. ಮುಂದೆ ಹೋಗಲು ಮಾತ್ರ ಆಗಲಿಲ್ಲ.

ಫೆರಾರಿ ಅಭಿಮಾನಿಯಾಗಿ ನೀವು ಅವತ್ತು ಖುಷಿ ಪಟ್ಟಿರಬೇಕು. 2009ರಲ್ಲಿ ಫೆರಾರಿ ಗೆದ್ದ ರೇಸ್ ಅದೊಂದೇ. ಆಮೇಲೆ ಆದದ್ದು ನೋಡಿ. ಗಾಯಗೊಂಡಿದ್ದ ತಮ್ಮ ಚಾಲಕ ಮಸ್ಸಾ ಜಾಗಕ್ಕೆ ಫೆರಾರಿಯವರು ಇದೇ ಫಿಸಿಕೆಲ್ಲಾ ಅವರನ್ನು ಕರೆದುಕೊಂಡರು. ಇಟಲಿಯ ಹುಡುಗ, ಇಟಲಿಯ ಕಾರು, ಮುಂದಿನ ರೇಸೇ ಇಟಲಿಯ ಮೊಂಜಾ. ಜನ ಎಷ್ಟು ಆಸೆ ಇಟ್ಟಿದ್ದರು ಅಂತ ಬೇರೆ ಹೇಳಬೇಕಿಲ್ಲ. ಐದು ರೇಸಿನಲ್ಲಿ ಒಂದು ಪಾಯಿಂಟ್ ಕೂಡ ಬರಲಿಲ್ಲ. ಅವರು ಬಿಟ್ಟು ಬಂದ ಫೋರ್ಸ್ ಇಂಡಿಯಾ ತಂಡದ ಇನ್ನೊಬ್ಬ ಚಾಲಕ ಸೂಟಿಲ್ ಅದೇ ಮೊಂಜಾದಲ್ಲಿ ನಾಲ್ಕನೆಯವರಾಗಿ ಬಂದರು. ಎರಡು ವಾರದಲ್ಲಿ ಚಾಲಕನ ಕೈಚಳಕ ಕಡಿಮೆಯಾಗುತ್ತದಾ? ಇಲ್ಲ. ಫೋರ್ಸ್ ಇಂಡಿಯಾ ಕಾರು ಉದ್ದ ನೇರಗಳಿರುವ ಟ್ರ್ಯಾಕಿಗೆ ಹೇಳಿ ಮಾಡಿಸಿದ ಹಾಗಿತ್ತು. ಫೆರಾರಿ ಕಾರಿಗೆ ಒಗ್ಗಿಕೊಳ್ಳಲು ಅವರಿಗೆ ಸಮಯವೇ ಸಿಗಲಿಲ್ಲ.

ಹ್ಯಾಮಿಲ್ಟನ್ ವಿಷಯದಲ್ಲೂ ನಾವು ಹೆಸರು ನೋಡಿದೆವು, ಒಗ್ಗಿಕೊಳ್ಳುವ ಕಷ್ಟ ನೋಡಲಿಲ್ಲ. ಕಳೆದ ವರ್ಷ ಶಾಂಘೈನಲ್ಲಿ ಆದದ್ದು ನಿಮಗೆ ನೆನಪಿರಬೇಕು. ಮಾರ್ಚ್ 22ರ ಶನಿವಾರ ಪುಟ್ಟ ಸ್ಪ್ರಿಂಟ್ ರೇಸ್ ಗೆದ್ದರು. ಎಲ್ಲರೂ 'ಶುರುವಾಯ್ತು' ಅಂದೆವು. ಮರುದಿನ ರೇಸ್ ಮುಗಿದ ಮೇಲೆ ಎರಡೂ ಫೆರಾರಿ ಅನರ್ಹ. ತಂಡದ ಇನ್ನೊಬ್ಬ ಚಾಲಕ ಲೆಕ್ಲರ್ಕ್ ಕಾರು ಇರಬೇಕಾದ 800 ಕೆ.ಜಿ.ಗಿಂತ ಒಂದು ಕೆ.ಜಿ. ಕಡಿಮೆ ತೂಗಿತು. ಹ್ಯಾಮಿಲ್ಟನ್ ಕಾರಿನ ಅಡಿಯಲ್ಲಿರುವ ಹಲಗೆ ಸವೆದು ಹೋಗಿತ್ತು. ಈ ಹಲಗೆ ಬಗ್ಗೆ ಸ್ವಲ್ಪ ಹೇಳುತ್ತೇನೆ, ಮಗಳಿಗೆ ತೋರಿಸಿ. ಕಾರಿನ ಹೊಟ್ಟೆಯ ಕೆಳಗೆ 10 ಮಿಲಿಮೀಟರ್ ದಪ್ಪದ ಪಟ್ಟಿ ಇರುತ್ತದೆ. ರೇಸ್ ಮುಗಿದಾಗ ಅದು 9 ಮಿಲಿಮೀಟರ್‌ಗಿಂತ ಕಡಿಮೆ ಆಗಿರಬಾರದು. ಹ್ಯಾಮಿಲ್ಟನ್ ಕಾರಿನಲ್ಲಿ ಒಂದು ಬದಿಗೆ ಅಳೆದಾಗ 8.5 ಬಂತು. ಅರ್ಧ ಮಿಲಿಮೀಟರ್! ಆದರೆ ಆ ಅರ್ಧ ಮಿಲಿಮೀಟರ್‌ನಲ್ಲೇ ಎಲ್ಲ ಇದೆ. ಆ ಕಾಲದ ಕಾರುಗಳು ನೆಲಕ್ಕೆ ಹತ್ತಿರವಾದಷ್ಟೂ ಹಿಡಿತ ಜಾಸ್ತಿ. ಕಾರು ಕೆಳಗಿಳಿಸಿದರೆ ವೇಗ ಬರುತ್ತದೆ, ಹಲಗೆ ಸವೆಯುತ್ತದೆ. ಮೇಲೆತ್ತಿದರೆ ಹಲಗೆ ಉಳಿಯುತ್ತದೆ, ವೇಗ ಹೋಗುತ್ತದೆ. ವರ್ಷವಿಡೀ ಆ ತಂಡ ಈ ಎರಡರ ನಡುವೆ ಸಿಕ್ಕಿಕೊಂಡಿತ್ತು. ಹಂಗೇರಿಯಲ್ಲಿ ಲೆಕ್ಲರ್ಕ್ ಪೋಲ್ ಹೊಡೆದ ದಿನವೇ ಹ್ಯಾಮಿಲ್ಟನ್ ಹನ್ನೆರಡನೇ ಸ್ಥಾನದಲ್ಲಿ ನಿಂತು, ತನ್ನಿಂದ ಏನೂ ಪ್ರಯೋಜನವಿಲ್ಲ, ತಂಡ ಬೇರೆ ಚಾಲಕನನ್ನು ನೋಡಿಕೊಳ್ಳಬೇಕೇನೋ ಅನ್ನುವ ಅರ್ಥದಲ್ಲಿ ಮಾತಾಡಿದರು. ಏಳು ಸಲ ಚಾಂಪಿಯನ್ ಆದವರ ಬಾಯಲ್ಲಿ ಆ ಮಾತು ಕೇಳಿ ನನಗೆ ಸಂಕಟ ಆಯ್ತು.

ನಿಮ್ಮ ಪತ್ರದಲ್ಲಿ 2008ರ ಬ್ರೆಜಿಲ್ ರೇಸಿನ ಮಾತೂ ಇದೆ. ಫೆರಾರಿಯ ಮಸ್ಸಾ ಮೊದಲಿಗರಾಗಿ ಗೆರೆ ದಾಟಿದಾಗ, ಚಾಂಪಿಯನ್ ಆದರೆಂದೇ ನಂಬಿ ನೀವು ಮನೆಯವರನ್ನೆಲ್ಲ ಎಬ್ಬಿಸಿದಿರಿ ಅಂತ ಬರೆದಿದ್ದೀರಿ. ನಮ್ಮಲ್ಲಿ ಆಗ ರಾತ್ರಿ ಹನ್ನೆರಡರ ಹೊತ್ತು. ಮಸ್ಸಾ ಮನೆಯವರು ಗ್ಯಾರೇಜಿನಲ್ಲಿ ಕುಣಿಯುತ್ತಿದ್ದರು. ಅರ್ಧ ನಿಮಿಷ ಕಳೆಯಿತು. ಕೊನೇ ತಿರುವಿನಲ್ಲಿ, ಆಗ ಬೇರೆ ತಂಡದಲ್ಲಿದ್ದ ಹ್ಯಾಮಿಲ್ಟನ್, ಗ್ಲಾಕ್ ಎಂಬ ಚಾಲಕನನ್ನು ದಾಟಿ ಐದನೆಯವರಾಗಿ ಬಂದು ಒಂದೇ ಪಾಯಿಂಟ್‌ನಿಂದ ಚಾಂಪಿಯನ್ ಆದರು. ಆ ವರ್ಷ ತಂಡದ ಪ್ರಶಸ್ತಿ ಫೆರಾರಿಗೆ ಬಂತು. ಆಮೇಲೆ ಇಲ್ಲಿವರೆಗೆ ಯಾವುದೂ ಬಂದಿಲ್ಲ. ಅವತ್ತು ನಿಮ್ಮ ಕೈಯಿಂದ ಕಸಿದುಕೊಂಡವರೇ ಈಗ ನಿಮ್ಮ ಕೆಂಪು ಕಾರಿನಲ್ಲಿ ಕೂತಿದ್ದಾರೆ. 41 ತುಂಬಿದೆ. ನಿಮ್ಮ ಆಸೆ ಇಷ್ಟು ಗಟ್ಟಿಯಾಗಿರುವುದಕ್ಕೆ ಇದೂ ಒಂದು ಕಾರಣ ಅಲ್ವಾ?

ಇನ್ನು ಈ ವರ್ಷ. ಪರೀಕ್ಷೆಯ ಮಾತಿನಲ್ಲೇ ಹೇಳುವುದಾದರೆ ಸಿಲಬಸ್ಸೇ ಬದಲಾಗಿದೆ. ಎಲೆಕ್ಟ್ರಿಕ್ ಮೋಟಾರಿನ ಬಲ 120 ಕಿಲೋವ್ಯಾಟ್‌ನಿಂದ 350ಕ್ಕೆ ಏರಿದೆ. ಕಾರಿನ ಒಟ್ಟು ಬಲದಲ್ಲಿ ಹತ್ತಿರ ಹತ್ತಿರ ಅರ್ಧ ಬ್ಯಾಟರಿಯದ್ದು. ಕಾರು 10 ಸೆಂಟಿಮೀಟರ್ ಅಗಲ ಕಡಿಮೆ, ಕನಿಷ್ಠ ತೂಕವೂ ಕಡಿಮೆ. ಡಿಆರ್‌ಎಸ್ (ಮುಂದಿನ ಕಾರನ್ನು ದಾಟಲು ಹಿಂದಿನ ರೆಕ್ಕೆ ತೆರೆಯುವ ವ್ಯವಸ್ಥೆ) ಹೋಯಿತು. ಅದರ ಬದಲು ಹಿಂದಿನ ರೆಕ್ಕೆ, ಮುಂದಿನ ರೆಕ್ಕೆ ಎರಡೂ ನೇರದಲ್ಲಿ ತೆರೆದುಕೊಳ್ಳುತ್ತವೆ. ಆಡಿ ಬಂದಿದೆ, ಹನ್ನೊಂದನೇ ತಂಡವಾಗಿ ಕ್ಯಾಡಿಲಾಕ್ ಬಂದಿದೆ. ಫೆರಾರಿಯ ಮುಖ್ಯಸ್ಥ ವಸೂರ್ ಕಳೆದ ಏಪ್ರಿಲ್ ಕೊನೆಯಲ್ಲೇ ಹಳೆ ಕಾರಿನ ಏರೋ (ಗಾಳಿ ಹರಿವಿನ ವಿನ್ಯಾಸ) ಕೆಲಸ ನಿಲ್ಲಿಸಿ ಹೊಸದರ ಮೇಲೆ ಕೂತೆವು ಅಂತ ಹೇಳಿದ್ದಾರೆ. ಒಂದು ವರ್ಷ ಬಿಟ್ಟುಕೊಟ್ಟು ಮುಂದಿನ ವರ್ಷ ಕೊಂಡುಕೊಂಡ ಲೆಕ್ಕ. ನಿಮ್ಮ ಆಸೆಗೆ ಆಧಾರ ಇದ್ದರೆ ಇದೇ. ಇದು ಸಣ್ಣ ಆಧಾರ ಅಲ್ಲ.

ಆದರೆ ಹಳೆಯ ಅಂಕಪಟ್ಟಿಗಳನ್ನೂ ನೋಡಿ. 2009ರಲ್ಲಿ ನಿಯಮ ಬದಲಾದಾಗ ಫೆರಾರಿಗೆ ಒಂದೇ ಗೆಲುವು. 2014ರಲ್ಲಿ ಹೊಸ ಎಂಜಿನ್ ಬಂದಾಗ 19 ರೇಸಿನಲ್ಲಿ 16 ಮರ್ಸಿಡಿಸ್ ಪಾಲಾಯಿತು, ಫೆರಾರಿಗೆ ಸೊನ್ನೆ. 2022ರಲ್ಲಿ ಚೆನ್ನಾಗಿ ಓದಿಕೊಂಡು ಬಂದಿದ್ದರು. ಬಹ್ರೇನ್‌ನಲ್ಲಿ ಮೊದಲ ಎರಡೂ ಸ್ಥಾನ. ಮೂರು ರೇಸ್ ಆದಾಗ ಲೆಕ್ಲರ್ಕ್, ರೆಡ್ ಬುಲ್ ತಂಡದ ವರ್ಸ್ಟಾಪನ್‌ಗಿಂತ 46 ಪಾಯಿಂಟ್ ಮುಂದಿದ್ದರು. ಆ ಏಪ್ರಿಲ್‌ನಲ್ಲಿ ನಮ್ಮ ಕಚೇರಿಗೆ ಬಂದ ಪತ್ರಗಳಲ್ಲಿ ಅರ್ಧ 'ಈ ಸಲ ನಮ್ದೇ' ಅನ್ನುವ ಪತ್ರಗಳು. ಸ್ಪೇನ್‌ನಲ್ಲಿ, ಬಾಕುವಿನಲ್ಲಿ ಮುಂದಿದ್ದಾಗಲೇ ಎಂಜಿನ್ ಕೈಕೊಟ್ಟಿತು. ಫ್ರಾನ್ಸ್‌ನಲ್ಲಿ ಮುಂದಿದ್ದಾಗಲೇ ಕಾರು ಜಾರಿ ಗೋಡೆಗೆ ಹೋಯಿತು. ವರ್ಷ ಮುಗಿದಾಗ 146 ಪಾಯಿಂಟ್ ಹಿಂದೆ.

ರೇಸುಗಳು ಶುರುವಾಗುವ ಮುಂಚಿನ ಟೆಸ್ಟಿಂಗ್ ಬಗ್ಗೆ ಒಂದು ಎಚ್ಚರಿಕೆ. ಈ ಸಲ ಬಾರ್ಸಿಲೋನಾದ ಮೊದಲ ಓಟ ಮುಚ್ಚಿದ ಬಾಗಿಲ ಹಿಂದೆ. ಬಹ್ರೇನ್‌ನದ್ದು ಮಾತ್ರ ನಮಗೆ ಕಾಣುತ್ತದೆ. ಸಂಜೆಯಾದರೆ 'ಯಾರು ಫಸ್ಟ್' ಅನ್ನುವ ಪಟ್ಟಿ ಬರುತ್ತದೆ. ಅದನ್ನು ನಂಬಬೇಡಿ. ಟ್ಯಾಂಕಿನಲ್ಲಿ ಹತ್ತು ಕೆ.ಜಿ. ಇಂಧನ ಜಾಸ್ತಿ ಇದ್ದರೆ ಒಂದು ಲ್ಯಾಪಿಗೆ ಸುಮಾರು 0.3 ಸೆಕೆಂಡ್ ವ್ಯತ್ಯಾಸ. ಯಾರ ಟ್ಯಾಂಕಿನಲ್ಲಿ ಎಷ್ಟಿದೆ ಅಂತ ಯಾರೂ ಹೇಳುವುದಿಲ್ಲ. 2019ರ ಟೆಸ್ಟಿಂಗ್‌ನಲ್ಲಿ ಫೆರಾರಿಯೇ ಮೇಲೆ ಅಂತ ಎಲ್ಲರೂ ಬರೆದರು, ನಾವೂ ಬರೆದೆವು. ಮರ್ಸಿಡಿಸ್ ಮೊದಲ ಐದು ರೇಸಿನಲ್ಲೂ ಒಂದು ಮತ್ತು ಎರಡು ತೆಗೆದುಕೊಂಡಿತು. ಫೆರಾರಿ ಗೆಲ್ಲಲು ಸೆಪ್ಟೆಂಬರ್ 1ರ ತನಕ ಕಾಯಬೇಕಾಯ್ತು.

ಹಾಗಾದರೆ ಏನು ನೋಡಬೇಕು? ಒಂದೇ ಕಾರು ಒಂದೇ ಟೈರಿನಲ್ಲಿ ಹದಿನೈದು, ಇಪ್ಪತ್ತು ಲ್ಯಾಪ್ ಸತತವಾಗಿ ಓಡುವುದನ್ನು ನೋಡಿ. ಸಮಯ ಲ್ಯಾಪಿನಿಂದ ಲ್ಯಾಪಿಗೆ ಎಷ್ಟು ಕೆಡುತ್ತಿದೆ ನೋಡಿ. ನಿಧಾನವಾಗಿ ಕೆಟ್ಟರೆ ಟೈರು ಉಳಿಸುವ ಕಾರು, ಭಾನುವಾರಕ್ಕೆ ಆಗಿಬರುತ್ತದೆ. ಈ ವರ್ಷಕ್ಕೆ ಇನ್ನೊಂದು: ಉದ್ದ ನೇರದ ಕೊನೆಯಲ್ಲಿ ಕಾರಿನ ವೇಗ ನೋಡಿ. ಬ್ಯಾಟರಿ ಮುಗಿದ ಕಾರು ಅಲ್ಲಿ ಏದುಸಿರು ಬಿಡುತ್ತದೆ. ಪಕ್ಕದ ಕಾರು ಇನ್ನೂ ಎಳೆಯುತ್ತಿರುತ್ತದೆ. ಬ್ಯಾಟರಿಯನ್ನು ಎಲ್ಲಿ ತುಂಬಿಸಿಕೊಂಡು ಎಲ್ಲಿ ಖರ್ಚು ಮಾಡಬೇಕು ಅನ್ನುವ ಲೆಕ್ಕ ಯಾರಿಗೆ ಮೊದಲು ಕೂಡಿಬರುತ್ತದೋ, ಶುರುವಿನಲ್ಲಿ ಅವರ ಕೈ ಮೇಲಾಗುತ್ತದೆ ಅಂತ ನನ್ನ ಅಂದಾಜು.

ಶುರುವಿನಲ್ಲಿ ಅಂತ ಬೇಕೆಂದೇ ಬರೆದೆ. ಎಸ್‌ಎಸ್‌ಎಲ್‌ಸಿ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ, ಯಾಕೆಂದರೆ ಈ ಪರೀಕ್ಷೆಯಲ್ಲಿ ವರ್ಷದ ನಡುವೆ ಉತ್ತರ ತಿದ್ದಬಹುದು. 2023ರ ಮೊದಲ ಎರಡು ರೇಸಿನಲ್ಲಿ ಮೆಕ್‌ಲಾರೆನ್‌ಗೆ ಒಂದು ಪಾಯಿಂಟ್ ಕೂಡ ಬರಲಿಲ್ಲ. ಜುಲೈನಲ್ಲಿ ಹೊಸ ಭಾಗಗಳು ಬಂದವು, ಸಿಲ್ವರ್‌ಸ್ಟೋನ್‌ನಲ್ಲಿ ನಾರಿಸ್ ಎರಡನೆಯವರು. ಮರುವರ್ಷ ತಂಡದ ಪ್ರಶಸ್ತಿ, ಅದೂ ಫೆರಾರಿಯನ್ನು ಬರೀ 14 ಪಾಯಿಂಟ್ ಹಿಂದೆ ಹಾಕಿ. ಕಳೆದ ವರ್ಷ ಹಾಲೆಂಡ್ ರೇಸ್ ಮುಗಿದಾಗ ವರ್ಸ್ಟಾಪನ್, ಆಗ ಮೊದಲಿದ್ದ ಪಿಯಾಸ್ಟ್ರಿಗಿಂತ 104 ಪಾಯಿಂಟ್ ಹಿಂದಿದ್ದರು. ಅಬುಧಾಬಿಯಲ್ಲಿ ನಾರಿಸ್ ಚಾಂಪಿಯನ್ ಆದಾಗ ಅಂತರ ಎರಡೇ ಪಾಯಿಂಟ್. ಹಾಗಾಗಿ ನಾನು ಫೆರಾರಿಯಿಂದ ಕೇಳುವುದು ಮಾರ್ಚ್ ಗೆಲುವನ್ನಲ್ಲ. ಜೂನ್‌ನಲ್ಲಿ ಹೊಸ ಭಾಗ ಹಾಕಿದಾಗ ಕಾರು ನಿಜವಾಗಿ ಮುಂದೆ ಹೋಗಬೇಕು. ಮಳೆ ಬಂದಾಗ, ಸೇಫ್ಟಿ ಕಾರ್ ಬಂದಾಗ ತಂತ್ರ ನಿರ್ಧರಿಸುವ ಪಿಟ್ ಗೋಡೆಯವರು ತಡವರಿಸಬಾರದು. ಹಲಗೆ ಸವೆಯಬಾರದು. ಇಷ್ಟು ಮಾಡಿದರೆ ಪ್ರಶಸ್ತಿ ಬರದಿದ್ದರೂ ನಾನು ಒಪ್ಪುತ್ತೇನೆ. ಇಷ್ಟೂ ಮಾಡದಿದ್ದರೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನಮಗಿದೆ.

ಪತ್ರದ ಕೊನೆಯಲ್ಲಿ 'ನಮ್ಮ ಹುಡುಗ ಯಾವಾಗ?' ಅಂತಲೂ ಕೇಳಿದ್ದೀರಿ. ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟೂ (ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಸರಣಿ) ಸ್ಪ್ರಿಂಟ್ ಗೆದ್ದರು. ಅಲ್ಲಿ ಗೆದ್ದ ಮೊದಲ ಭಾರತೀಯ. ವೇದಿಕೆಯಲ್ಲಿ ನಮ್ಮ ರಾಷ್ಟ್ರಗೀತೆ ಕೇಳಿದಾಗ ಮೈ ಜುಮ್ಮೆಂದಿತು. ಆದರೆ ಫಾರ್ಮುಲಾ ಒನ್‌ಗೆ ಸೂಪರ್ ಲೈಸೆನ್ಸ್ ಬೇಕು, ಅದಕ್ಕೆ ಮೂರು ವರ್ಷದಲ್ಲಿ 40 ಅಂಕ ಬೇಕು, ಇಡೀ ಜಗತ್ತಿಗೆ ಇರುವುದು 22 ಸೀಟು. ಆ ಹುಡುಗನ ಹೆಗಲ ಮೇಲೆ ನಾವು ಸುಮ್ನೆ ಭಾರ ಹೇರುವುದು ಬೇಡ.

ಮಗಳಿಗೆ ಏನು ಹೇಳಬೇಕು ಅಂದಿರಲ್ಲ. 'ಗೊತ್ತಿಲ್ಲ ಪುಟ್ಟಾ, ನೋಡೋಣ ಬಾ' ಅನ್ನಿ. ಮೆಲ್ಬರ್ನ್ ರೇಸ್ ಮಾರ್ಚ್ 8ರ ಭಾನುವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ. ತಿಂಡಿ ಹೊತ್ತು. ಅವಳ ಕೈಗೆ ಒಂದು ನೋಟ್‌ಬುಕ್ ಕೊಡಿ. ಎರಡು ಕೆಂಪು ಕಾರುಗಳ ಲ್ಯಾಪ್ ಸಮಯವನ್ನು ಐದೈದು ಲ್ಯಾಪಿಗೆ ಒಮ್ಮೆ ಬರೆದುಕೊಳ್ಳಲಿ. ನೇರದ ಕೊನೆಯಲ್ಲಿ ಯಾರು ಏದುಸಿರು ಬಿಟ್ಟರು ಅಂತ ಪಕ್ಕದಲ್ಲಿ ಗುರುತು ಹಾಕಲಿ. ಮೊದಲ ಐದು ರೇಸ್ ಆದ ಮೇಲೆ ಆ ಪುಟಗಳನ್ನು ನಮಗೆ ಕಳಿಸಿ. ಕೈಬರಹ ಹೇಗಿದ್ದರೂ ಪರವಾಗಿಲ್ಲ, ಹಾಗೇ ಅಚ್ಚು ಹಾಕುತ್ತೇವೆ.

ಸಂಪಾದಕ