‘ಓಡಲ್ಲ’ ಅಂತ ಹೇಳಬೇಕಾದವರು ಯಾರು?

ಹೋದ ಸಂಚಿಕೆಯ ಲೇಖನ ಓದಿ ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: ‘ವಿಲ್ಕೊ ಅನ್ನುವ ಅಮೆರಿಕದ ಇಂಡಿ ರಾಕ್ ಬ್ಯಾಂಡಿನ ಆಲ್ಬಂ ಅನ್ನು ಕಂಪನಿ ಬೇಡ ಅಂದದ್ದು ಮಹಾ ಅನ್ಯಾಯ ಅನ್ನೋ ಹಾಗೆ ಬರೆದಿದ್ದೀರಿ. ದುಡ್ಡು ಹಾಕಿದವನಿಗೆ ಅಷ್ಟೂ ಹಕ್ಕಿಲ್ಲವೇ? ನಾನು ಇಪ್ಪತ್ತೆರಡು ವರ್ಷ ಕ್ಯಾಸೆಟ್ ಅಂಗಡಿ ನಡೆಸಿದವನು. ಗಿರಾಕಿಗೆ ಹಾಕಿ ಕೇಳಿಸಿಯೇ ಕೊಡುತ್ತಿದ್ದೆ. ಓಡದ ಮಾಲು ಕಪಾಟಿನಲ್ಲಿ ಕೂತರೆ ಎಷ್ಟು ಕಷ್ಟ ಅಂತ ನನಗೆ ಗೊತ್ತು.’

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹಕ್ಕಿನ ಮಾತು ಒಪ್ಪಿದೆ. ಬಾಡಿಗೆ, ಸಂಬಳ, ಬಡ್ಡಿ ಯಾವ ಕಂಪನಿಗೂ ತಪ್ಪಿದ್ದಲ್ಲ. ಆದರೆ ನನ್ನ ಪರವಾಗಿ ನೀವೇ ಒಂದು ಸಾಲು ಬರೆದುಬಿಟ್ಟಿದ್ದೀರಿ. ‘ಹಾಕಿ ಕೇಳಿಸಿಯೇ ಕೊಡುತ್ತಿದ್ದೆ.’ ವಿಲ್ಕೊದ ಹಾಡು ಹೊರತರಬೇಕಿದ್ದ ರಿಪ್ರೈಸ್ ಕಂಪನಿ ಅದನ್ನೇ ಮಾಡಲಿಲ್ಲ ಅನ್ನೋದು ನನ್ನ ತಕರಾರು.

ವಿಲ್ಕೊದ ಹಾಡುಗಾರ ಜೆಫ್ ಟ್ವೀಡಿ ಮತ್ತು ಜೊತೆಗಾರರು ಈ ಆಲ್ಬಂ ಅನ್ನು ಶಿಕಾಗೋದಲ್ಲಿ ತಮ್ಮದೇ ಜಾಗದಲ್ಲಿ ಕೂತು ಮಾಡಿದರು. ಹೆಸರು ‘ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್’. ಒಂದು ಹಾಡನ್ನು ಕಟ್ಟೋದು, ಬಿಚ್ಚೋದು, ಮತ್ತೆ ಬೇರೆ ಥರ ಕಟ್ಟೋದು. ನಡುವೆ ಡ್ರಮ್ಮರ್ ಬದಲಾದರು. ಮಿಕ್ಸಿಂಗ್ ವಿಷಯಕ್ಕೆ, ಅಂದರೆ ಬೇರೆ ಬೇರೆ ಹಿಡಿದ ದನಿಗಳನ್ನು ಹದವಾಗಿ ಬೆರೆಸುವ ಕೆಲಸಕ್ಕೆ, ಟ್ವೀಡಿಗೂ ಬ್ಯಾಂಡಿನ ಇನ್ನೊಬ್ಬ ವಾದಕ ಜೇ ಬೆನೆಟ್‌ಗೂ ಜಟಾಪಟಿ ಆಯಿತು. ಕೊನೆಗೆ ಮಿಕ್ಸಿಂಗ್ ಹೊರಗಿನ ಸಂಗೀತಗಾರ ಜಿಮ್ ಒರೂರ್ಕ್ ಕೈಗೆ ಹೋಯಿತು, ಬೆನೆಟ್ ಬ್ಯಾಂಡಿನಿಂದಲೇ ಹೊರಬಿದ್ದರು. ಅಷ್ಟು ಬೆಲೆ ತೆತ್ತು ಮಾಡಿದ ಕೆಲಸ ಅದು.

ನೀವು ಅದನ್ನು ಕೇಳಿದ್ದೀರಾ? ಪತ್ರದಲ್ಲಿ ಆ ಸುಳಿವಿಲ್ಲ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲ ಹಾಡೇ ಸುಮಾರು 7 ನಿಮಿಷ. ಗಂಟೆಯ ನಾದ, ತಾಳ ತಪ್ಪಿದ ಹಾಗೆ ಕೇಳುವ ಡ್ರಮ್ಸ್, ಗದ್ದಲ. ಅದರೊಳಗಿಂದ ಒಂದು ದಣಿದ ದನಿ ಮೆಲ್ಲಗೆ ಹೊರಗೆ ಬರುತ್ತದೆ. ಆಲ್ಬಂ ಮುಗಿಯುತ್ತ ಬಂದ ಹೊತ್ತಿಗೆ, ಯಾವುದೋ ಗುಪ್ತ ರೇಡಿಯೋ ಕೇಂದ್ರದ ಹೆಂಗಸಿನ ದನಿ ಆಲ್ಬಮ್ಮಿನ ಹೆಸರಿನ ಮೂರು ಪದಗಳನ್ನು ಮತ್ತೆ ಮತ್ತೆ ಹೇಳುತ್ತಿರುತ್ತದೆ. ಮೊದಲ ಸಲ ನನಗೂ ಏನೂ ಹತ್ತಲಿಲ್ಲ. ನಾಲ್ಕನೇ ಸಲ ಕೇಳುವಾಗ ಕಣ್ಣು ತುಂಬಿತು.

ಕಂಪನಿಗೆ ಹಿಡಿಸಲಿಲ್ಲ. 2001ರಲ್ಲಿ ಬ್ಯಾಂಡು ಹಾಡುಗಳ ಹಕ್ಕಿನ ಸಮೇತ ಹೊರಗೆ ಬಂತು. ಸೆಪ್ಟೆಂಬರ್ 18ರಂದು ಇಡೀ ಆಲ್ಬಂ ಅನ್ನು ತನ್ನ ವೆಬ್‌ಸೈಟಿನಲ್ಲಿ ಪುಕ್ಕಟೆ ಕೇಳಲು ಇಟ್ಟಿತು. ನಿಮ್ಮ ಅಂಗಡಿಯಲ್ಲಿ ನಡೆಯುತ್ತಿದ್ದದ್ದೂ ಇದೇ ಅಲ್ವಾ? ಕೇಳಿ, ಇಷ್ಟವಾದರೆ ಕೊಳ್ಳಿ. ಆಮೇಲೆ ನಾನ್‌ಸಚ್ ಅನ್ನುವ ಕಂಪನಿ ಮುಂದೆ ಬಂತು. ಅದೂ ರಿಪ್ರೈಸ್ ಥರ ವಾರ್ನರ್ ಕುಟುಂಬದ್ದೇ! ಮುಂಬಾಗಿಲಿನಿಂದ ಆಚೆ ಹಾಕಿದವರನ್ನು ಅದೇ ಮನೆಯವರು ಹಿತ್ತಿಲ ಬಾಗಿಲಿನಿಂದ ಒಳಗೆ ಕರೆದರು. 2002ರ ಏಪ್ರಿಲ್ 23ಕ್ಕೆ ಆಲ್ಬಂ ಬಂತು. ಏಳು ತಿಂಗಳು ಪುಕ್ಕಟೆ ಕೇಳಿದ್ದ ಜನ ಮೊದಲ ವಾರವೇ 55,000ಕ್ಕೂ ಜಾಸ್ತಿ ಪ್ರತಿ ಕೊಂಡರು. ಬಿಲ್‌ಬೋರ್ಡ್ ಅನ್ನುವ ಅಮೆರಿಕದ ಆಲ್ಬಂ ಮಾರಾಟದ ಪಟ್ಟಿಯಲ್ಲಿ 13ನೇ ಜಾಗ. ಅಲ್ಲಿಯವರೆಗೆ ಆ ಬ್ಯಾಂಡಿಗೆ ಅಷ್ಟು ಮೇಲಿನ ಜಾಗ ಸಿಕ್ಕಿರಲಿಲ್ಲ. ಆ ವರ್ಷ ಅಮೆರಿಕದ ವಿಮರ್ಶಕರ ಮತಗಣನೆಯಲ್ಲೂ ಇದೇ ಮೊದಲು ಬಂತು.

ನನಗೆ ಈ ವಿಷಯದಲ್ಲಿ ಇಷ್ಟು ಸಿಟ್ಟು ಯಾಕೆ ಅಂತ ಕೇಳಬಹುದು. ನಮ್ಮೂರಲ್ಲಿ ತತ್ವಪದ ಹಾಡುವ ಹಿರಿಯರೊಬ್ಬರಿದ್ದರು. ಅವರ ಹಾಡುಗಳನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದು, ಬಸ್ಸು ಹತ್ತಿ, ಒಂದು ಕ್ಯಾಸೆಟ್ ಕಂಪನಿಗೆ ಒಯ್ದಿದ್ದೆ. ಮೇಜಿನ ಹಿಂದೆ ಕೂತವರು ಮೊದಲ ಹಾಡನ್ನು ಅರ್ಧ ಕೇಳಿದರು. ಪಲ್ಲವಿ ಎರಡನೇ ಸಲ ಬರುವ ಮುಂಚೆಯೇ ಬೆರಳು ಗುಂಡಿ ಒತ್ತಿತು. ‘ಇದು ಓಡಲ್ಲ’ ಅಂದರು. ಏಕತಾರಿಯ ನಾದ ಕೋಣೆಯಲ್ಲಿ ಇನ್ನೂ ಇತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಹಾಡಿದವರು ಈಗಿಲ್ಲ.

ಆ ಒಂದು ಪದವನ್ನು ಎಷ್ಟು ಕಡೆ ಕೇಳಿದ್ದೇನೆ! ಉದ್ದ ಕಥೆ ಓಡಲ್ಲ. ಮಕ್ಕಳ ವಿಜ್ಞಾನ ಓಡಲ್ಲ. ನಮ್ಮ ಪತ್ರಿಕೆಯ ಬಗ್ಗೆಯೂ ಒಬ್ಬ ಏಜೆಂಟರು ಹಾಗೇ ಹೇಳಿ, ಕಟ್ಟಿನ ದಾರ ಕೂಡ ಬಿಚ್ಚದೆ ವಾಪಸ್ ಕಳಿಸಿದ್ದರು. ಅಂಗಡಿಯ ಮುಂದೆ ತೂಗುಹಾಕಿ, ಯಾರೂ ಕೊಳ್ಳದೆ ಹೋದರೆ ಸರಿ, ಅದು ಜನರ ತೀರ್ಪು. ಕಟ್ಟು ಬಿಚ್ಚದೆ ಹೇಳೋದು ಯಾರ ತೀರ್ಪು? ಜನರ ಹೆಸರಿನಲ್ಲಿ ಮಾತಾಡುವವರು ಜಾಸ್ತಿ, ಜನರನ್ನು ಕೇಳುವವರು ಕಡಿಮೆ. ನೀವು ಇಪ್ಪತ್ತೆರಡು ವರ್ಷ ಕೇಳಿದವರು. ಅಂಥವರೇ ಗುಂಡಿ ಒತ್ತುವವರ ಪಕ್ಷ ವಹಿಸಿದ್ದು ನೋಡಿ ಬೇಜಾರಾಯಿತು.

ಅಂಗಡಿ ಮುಚ್ಚಿದರೂ ಡೆಕ್ ಅನ್ನು ಮಾರಿಲ್ಲ ಅಂತ ಪತ್ರದ ಕೊನೆಗೆ ಬರೆದಿದ್ದೀರಿ. ಮುಂದಿನ ತಿಂಗಳು ನಾನು ಶಿವಮೊಗ್ಗಕ್ಕೆ ಬರುವವನಿದ್ದೇನೆ. ಆ ತತ್ವಪದದ ಕ್ಯಾಸೆಟ್ ನನ್ನ ಹತ್ತಿರ ಇನ್ನೂ ಇದೆ, ತರುತ್ತೇನೆ. ಡೆಕ್ಕಿನ ಹೆಡ್ ಒರೆಸಿ ಇಟ್ಟಿರಿ.